ಭಾನುವಾರದ ಸೀರಾ ಓದು: ಝೈನಬ್‌ರ ಸರ

ಎಲ್ಲರಿಗೂ ಅಸ್ಸಲಾಮು ಅಲೈಕುಮ್.

ಈ ಭಾನುವಾರ ಮಗ್ರಿಬ್ (ಸೂರ್ಯಾಸ್ತದ) ನಮಾಝ್ ಆದ ಕೂಡಲೇ ನಮ್ಮ ಸೀರಾ, ಅಂದರೆ ಪ್ರವಾದಿಯವರ ಜೀವನಚರಿತ್ರೆಯ ಓದು ಇದೆ. ಮನೆಯ ಹೆಂಗಸರು, ದೊಡ್ಡ ಮಕ್ಕಳೂ ಬನ್ನಿ. ಈ ಸಲ ಪ್ರವಾದಿಯವರ(ಸ) ಹಿರಿಮಗಳು ಝೈನಬ್(ರ) ಅವರ ಸಂಸಾರದ ವಿಷಯ.

ಗಂಡ ಅಬುಲ್ ಆಸ್, ಝೈನಬ್‌ರ ತಾಯಿ ಖದೀಜಾರ(ರ) ಸಹೋದರಿ ಹಾಲಾ ಅವರ ಮಗ. ಆಗಿನ್ನೂ ಇಸ್ಲಾಂ ಸ್ವೀಕರಿಸಿರಲಿಲ್ಲ. 624ರಲ್ಲಿ ಮಕ್ಕಾದವರಿಗೂ ಮುಸ್ಲಿಮರಿಗೂ ನಡೆದ ಬದ್ರ್ ಯುದ್ಧದಲ್ಲಿ ಮುಸ್ಲಿಮರಿಗೆ ಸೆರೆಸಿಕ್ಕ ಅವರನ್ನು ಬಿಡಿಸಲು ಝೈನಬ್ ಮಕ್ಕಾದಿಂದ ಕಳಿಸಿದ್ದು, ಮದುವೆಯಲ್ಲಿ ತಾಯಿ ಕೊಟ್ಟಿದ್ದ ಕೊರಳ ಸರ. ಅದನ್ನು ಕಂಡೊಡನೆ ತಂದೆಯ ಮನಸ್ಸು ಕರಗಿತು. ತಮ್ಮ ಅನುಚರರನ್ನು ಕೇಳಿಯೇ ಅಳಿಯನನ್ನೂ ಸರವನ್ನೂ ವಾಪಸ್ ಕಳಿಸಿದರು. ಇದನ್ನು ಓದುವಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಬದ್ರ್ ಕೈದಿಗಳ ಭಾಗ ಓದಿಕೊಂಡು ಬನ್ನಿ. ಮೊಮ್ಮಗಳು, ಝೈನಬ್‌ರ ಮಗಳು ಉಮಾಮಾಳನ್ನು ಎತ್ತಿಕೊಂಡೇ ಪ್ರವಾದಿಯವರು ನಮಾಝ್ ಮಾಡಿದ ಹದೀಸ್ (ಪ್ರವಾದಿಯವರ ನಡೆನುಡಿಯ ವರದಿ) ಯಾರು ಓದುತ್ತೀರಿ? ಎಷ್ಟು ಜನ ಬರುತ್ತೀರೆಂದು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ, ಚಹಾಕ್ಕೆ ಹಾಲು ಹೇಳಬೇಕು.