ಬಿ.ಆರ್. ಸೇನ್ ಬಗ್ಗೆ ಮಕ್ಕಳಿಗೆ ಹೇಳಿ

ಮಾನ್ಯರೇ,

ಅಕ್ಟೋಬರ್ 16ರ ವಿಶ್ವ ಆಹಾರ ದಿನಕ್ಕೆ ಶಾಲೆಗಳಲ್ಲಿ ಭಾಷಣ, ರಸಪ್ರಶ್ನೆ ನಡೆಯುತ್ತವೆ. ಆಹಾರ ಇಲಾಖೆಯ ನಿವೃತ್ತ ನಿರೀಕ್ಷಕ ನಾನು. ಕರೆದ ಕಡೆ ಹೋಗುತ್ತೇನೆ. ಹಸಿದವರಿಗೆ ಆಹಾರ ಮುಟ್ಟಿಸುವ ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮಕ್ಕೆ 2020ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂದಿದ್ದು ಮಕ್ಕಳಿಗೆ ಬಾಯಿಪಾಠ. ಆದರೆ ಬಿನಯ್ ರಂಜನ್ ಸೇನ್ ಯಾರು ಅಂತ ಕೇಳಿದರೆ ಮೇಷ್ಟ್ರುಗಳೂ ಸುಮ್ಮನಾಗುತ್ತಾರೆ.

ಸೇನ್ ಬಂಗಾಳದಲ್ಲಿ ಐಸಿಎಸ್ (ಬ್ರಿಟಿಷರ ಕಾಲದ ನಾಗರಿಕ ಸೇವೆ) ಅಧಿಕಾರಿಯಾಗಿದ್ದವರು. 1943ರ ಕ್ಷಾಮದಲ್ಲಿ ಅಲ್ಲಿ ಲಕ್ಷಾಂತರ ಜನ ಸತ್ತರು. ಅದೇ ವರ್ಷ ಅವರು ಭಾರತ ಸರ್ಕಾರದ ಆಹಾರ ಮಹಾನಿರ್ದೇಶಕರಾದರು. ಆ ಬ್ರಿಟಿಷ್ ಆಡಳಿತ ಜನರನ್ನು ಉಳಿಸಲಿಲ್ಲ. ಸೇನ್ ಅದರೊಳಗೇ ಇದ್ದರು. ಇದನ್ನು ಮುಚ್ಚಿಟ್ಟು ಅವರನ್ನು ಹೊಗಳುವುದು ಬೇಡ. ನನ್ನ ಮಟ್ಟಿಗೆ, ಅವರ ಮುಂದಿನ ಕೆಲಸ ಅರ್ಥವಾಗುವುದೇ ಇಲ್ಲಿಂದ.

ಸ್ವಾತಂತ್ರ್ಯದ ನಂತರ ಅಮೆರಿಕ, ಇಟಲಿ, ಜಪಾನ್‌ಗಳಲ್ಲಿ ರಾಯಭಾರಿಯಾದರು. 1956ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಮಹಾನಿರ್ದೇಶಕರಾದರು. ಆ ಕುರ್ಚಿಯಲ್ಲಿ ಕೂತ ಮೊದಲ ಏಷ್ಯಾದವರು ಅವರೇ. ಅಲ್ಲಿಯವರೆಗೆ ಅಂಕಿಅಂಶ, ತಾಂತ್ರಿಕ ಸಲಹೆಗಳಲ್ಲೇ ಜಾಸ್ತಿ ಮುಳುಗಿದ್ದ ಸಂಸ್ಥೆಯನ್ನು ಅವರು ಜನರ ನಡುವೆ ತಂದರು. 1960ರಲ್ಲಿ ಹಸಿವಿನ ವಿರುದ್ಧ ಜಾಗತಿಕ ಆಂದೋಲನ ಶುರು ಮಾಡಿದರು. ಅದರಲ್ಲಿ ಚರ್ಚ್‌ಗಳು, ವಿದ್ಯಾರ್ಥಿಗಳು, ಸಾಮಾನ್ಯ ಜನ ಚಂದಾ ಎತ್ತಿದರು.

ವಿಶ್ವ ಆಹಾರ ಕಾರ್ಯಕ್ರಮ ಹುಟ್ಟಿದ್ದೂ ಅವರ ಕಾಲದಲ್ಲೇ. ಪ್ರಸ್ತಾಪ ಇಟ್ಟವರು ಅಮೆರಿಕ ಸರ್ಕಾರದ ಆಹಾರ ನೆರವು ವಿಭಾಗದ ನಿರ್ದೇಶಕ ಜಾರ್ಜ್ ಮೆಕ್‌ಗವರ್ನ್, 1961ರಲ್ಲಿ. ಮೂರು ವರ್ಷದ ಪ್ರಯೋಗ ಅಂತ ಒಪ್ಪಿಗೆ ಸಿಕ್ಕಿತು. ಪ್ರಯೋಗ ಸರಿಯಾಗಿ ಶುರುವಾಗುವ ಮೊದಲೇ, 1962ರಲ್ಲಿ ಇರಾನ್‌ನಲ್ಲಿ ಭೂಕಂಪವಾಯಿತು. ಗೋಧಿ, ಸಕ್ಕರೆ, ಟೀ ಪುಡಿ ಅಲ್ಲಿಗೆ ಹೋದವು. 1965ರಲ್ಲಿ ಈ ಕಾರ್ಯಕ್ರಮ ಕಾಯಂ ಆಯಿತು.

ಆಗ ನಾವು ಪಿಎಲ್ 480 ಎಂಬ ಅಮೆರಿಕದ ಕಾನೂನಿನಡಿ ಬರುತ್ತಿದ್ದ ಗೋಧಿ ತಿನ್ನುತ್ತಿದ್ದವರು. ಕಾಳು ಅಮೆರಿಕದ್ದು, ಹಡಗು ಯಾವಾಗ ಬರಬೇಕು ಅನ್ನುವ ತೀರ್ಮಾನವೂ ಅವರದೇ. ಆದರೆ ವಿಶ್ವ ಆಹಾರ ಕಾರ್ಯಕ್ರಮದ ಆಡಳಿತ ಸಮಿತಿಯಲ್ಲಿ ಕೊಡುವ ದೇಶಗಳ ಜೊತೆ ಪಡೆಯುವ ದೇಶಗಳೂ ಕೂತವು. ಪಡಿತರ ಅಂಗಡಿ ಮುಂದೆ ಸಾಲು ನಿಂತವರ ಮುಖ ನೋಡಿದ ನನಗೆ ಇದು ಸಣ್ಣ ವಿಷಯ ಅನ್ನಿಸುವುದಿಲ್ಲ. ಅನ್ನ ಪಡೆಯುವವನಿಗೂ ಮಾತಾಡುವ ಹಕ್ಕು ಬೇಕು, ಅಲ್ವಾ?

ಹೈಸ್ಕೂಲು ಸಮಾಜ ವಿಜ್ಞಾನದಲ್ಲಿ ವಿಶ್ವಸಂಸ್ಥೆಯ ಪಾಠ ಇದ್ದೇ ಇದೆ. ಅದರಲ್ಲಿ ಸೇನ್ ಬಗ್ಗೆ ಒಂದು ಪುಟ ಸೇರಿಸಲಿ, ಕ್ಷಾಮದ ಮಾತೂ ಅದರಲ್ಲಿರಲಿ. ಹೊಸದಾಗಿ ಸೇರುವ ಆಹಾರ ನಿರೀಕ್ಷಕರ ತರಬೇತಿಯಲ್ಲೂ ಇದನ್ನು ಹೇಳಲಿ ಎಂದು ಸರ್ಕಾರವನ್ನು ಕೇಳಿಕೊಳ್ಳುತ್ತೇನೆ.

– ನಿವೃತ್ತ ಆಹಾರ ನಿರೀಕ್ಷಕ, ರಾಯಚೂರು