ಹಳೇ ಕವರ್ ಎಸೆಯಬೇಡ ತಮ್ಮಾ

ಚಿರಂಜೀವಿ ತಮ್ಮಾ,

ಹುಬ್ಬಳ್ಳಿಯಿಂದ ನಿನ್ನ ಕಾಕಾನ ಆಶೀರ್ವಾದಗಳು.

ಗದಗದ ಗುಜರಿ ಅಂಗಡಿಯಲ್ಲಿ ನಿನಗೆ ಒಂದು ಡಬ್ಬಿ ತುಂಬ ಹಳೇ ಫೋಟೋ ನೆಗೆಟಿವ್ ಸಿಕ್ಕಿವೆ ಎಂದು ನಿಮ್ಮವ್ವ ಫೋನಿನಲ್ಲಿ ಹೇಳಿದರು. ರೈಲು ಇಂಜಿನ್, ಹತ್ತಿಯಿಂದ ಬೀಜ ಬಿಡಿಸುವ ಜಿನ್ನು, ಕೆಲಸಗಾರರು. ಕೇಳಿದಾಗಿನಿಂದ ಮನಸ್ಸು ಅಲ್ಲೇ ಇದೆ.

ಮೊದಲು ಇದೊಂದು ಕೇಳು. ನೆಗೆಟಿವ್ ಇಟ್ಟಿರುವ ಹಳೇ ಕವರ್ ಎಸೆಯಬೇಡ. ಹರಿದಿರಲಿ, ಹುಳ ತಿಂದಿರಲಿ. ಮೂವತ್ತು ವರ್ಷದ ಹಿಂದೆ ನನಗೂ ಹೀಗೇ ಒಂದು ಕಟ್ಟು ಸಿಕ್ಕಿತ್ತು. ಕವರ್ ಮೇಲೆ ಪೆನ್ಸಿಲಿನಲ್ಲಿ ತಾರೀಖು, ಹೆಸರು ಇದ್ದವು. ಆಮೇಲೆ ಬರೆದುಕೊಂಡರಾಯಿತು ಅಂದುಕೊಂಡು ನೆಗೆಟಿವ್‌ಗಳನ್ನು ಹೊಸ ಕವರಿಗೆ ಹಾಕಿದೆ. ಹಳೆಯವು ಕಸದ ಜೊತೆ ಹೋದವು. ಈಗ ಯಂತ್ರಗಳ ಗುರುತು ಸಿಗುತ್ತದೆ. ಅವುಗಳ ಮುಂದೆ ಎಣ್ಣೆ ಮೆತ್ತಿದ ಕೈಯಲ್ಲಿ ನಿಂತ ಹುಡುಗ ಯಾರೆಂದು ಯಾರಿಗೂ ಗೊತ್ತಿಲ್ಲ. ಅವನ ಮೊಮ್ಮಕ್ಕಳು ಇದೇ ಊರಿನಲ್ಲಿ ಇರಬಹುದು, ಅಲ್ವಾ?

ಡಬ್ಬಿಯಲ್ಲಿ ಇದ್ದ ಸಾಲು ಕೆಡಿಸದೆ ನಂಬರ್ ಹಾಕು. ನಂಬರ್ ಕವರಿನ ಮೇಲೆ ಬರೆ, ನೆಗೆಟಿವ್ ಮೇಲಲ್ಲ. ಅಂಚಿನಲ್ಲಷ್ಟೇ ಹಿಡಿ. ಮಂಕಾದ ಬದಿಯಲ್ಲಿ ಚಿತ್ರವಿರುತ್ತದೆ, ಅದು ಜಿಲೆಟಿನ್ ಎಂಬ ಅಂಟಿನ ಪದರ. ಒದ್ದೆ ಬಟ್ಟೆ ತಗುಲಿದರೆ ಎದ್ದು ಬರುತ್ತದೆ. ಹೊಳೆಯುವ ಬದಿ ನಿನ್ನ ಕಡೆ ಇಟ್ಟು ಕಿಟಕಿಯ ಬೆಳಕಿಗೆ ಹಿಡಿದರೆ ಇಂಜಿನ್ ನಂಬರ್ ತಿರುವುಮುರುವಾಗದೆ ಓದಲು ಬರುತ್ತದೆ.

ಕಾಲ ಗುರುತಿಸಲು ಚಿತ್ರದಲ್ಲೇ ಸುಳಿವು ಇರುತ್ತದೆ. ವ್ಯಾಗನ್ ಮೇಲೆ ಮದ್ರಾಸ್ ಆ್ಯಂಡ್ ಸದರ್ನ್ ಮರಾಠಾ ರೈಲ್ವೆ ಕಂಪನಿಯ ಅಕ್ಷರಗಳಿದ್ದರೆ ಅದು 1908ಕ್ಕಿಂತ ಹಿಂದಿನದಲ್ಲ. ಆ ಕಂಪನಿ ಹುಟ್ಟಿದ್ದೇ ಆಗ. 1951ರಲ್ಲಿ ದಕ್ಷಿಣ ರೈಲ್ವೆಯೊಳಗೆ ಸೇರಿಹೋಯಿತು. ಬಣ್ಣ ಬಳಿಯದ ಹಳೇ ವ್ಯಾಗನ್ ಆಮೇಲೂ ಓಡಿರಬಹುದು, ಹಾಗಾಗಿ ಅಕ್ಷರ ನೋಡಿ ಇಷ್ಟೇ ವರ್ಷ ಎಂದು ಬರೆದುಬಿಡಬೇಡ. ವೈಪಿ ಎಂಬ ಮಾದರಿಯ ಉಗಿ ಇಂಜಿನ್ ಕಂಡರೆ 1949ರ ಈಚಿನದು.

ಫಿಲ್ಮಿಗೆ ವಿನೆಗರ್ ವಾಸನೆ ಬಂದರೆ ಅದು ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಫಿಲ್ಮು, ಹಾಳಾಗತೊಡಗಿದೆ. ಅದನ್ನು ಬೇರೆ ಇಟ್ಟು ಮೊದಲು ಸ್ಕ್ಯಾನ್ ಮಾಡು. ಅಂಚಿನಲ್ಲಿ ನೈಟ್ರೇಟ್ ಎಂದು ಬರೆದಿದ್ದರೆ, ಇಲ್ಲವೇ ಫಿಲ್ಮು ಕಂದು ಬಣ್ಣಕ್ಕೆ ತಿರುಗಿ ಅಂಟಂಟಾದರೆ, ಜಾಸ್ತಿ ಎಚ್ಚರ. ನೈಟ್ರೇಟ್ ಫಿಲ್ಮು ಬೇಗ ಹೊತ್ತಿಕೊಳ್ಳುತ್ತದೆ. ಕಡ್ಡಿ ಗೀರಿ ಪರೀಕ್ಷೆ ಮಾಡಲು ಹೋಗಬೇಡ. ಅಂಥವು ಸಿಕ್ಕರೆ ಬಿಸಿಲು, ದೀಪ, ಒಲೆ ಯಾವುದರ ಹತ್ತಿರವೂ ಇಡದೆ ನನಗೆ ಫೋನ್ ಮಾಡು. ಗಾಜಿನ ಪ್ಲೇಟ್ ಮೇಲಿನ ನೆಗೆಟಿವ್ ಇದ್ದರೆ ಒಂದರ ಮೇಲೊಂದು ಪೇರಿಸದೆ ಅಂಚಿನ ಮೇಲೆ ನಿಲ್ಲಿಸಿಡು.

ಯಾರಾದರೂ ಚೆನ್ನಾದ ಎರಡು ಇಂಜಿನ್ ಚಿತ್ರ ಮಾತ್ರ ಕೊಡು ಎಂದು ದುಡ್ಡು ಕೊಡಲು ಬಂದರೆ ಸುಮ್ನೆ ಆಗುವುದಿಲ್ಲ ಅನ್ನು. ಕಟ್ಟು ಒಡೆದರೆ ಉಳಿದವುಗಳ ಗುರುತೂ ಹೋಗುತ್ತದೆ.

ಜಿನ್ನಿನಲ್ಲಿ ದುಡಿದ ಹಿರಿಯರು ಗದಗದಲ್ಲಿ ಇನ್ನೂ ಇದ್ದಾರೆ. ಒಂದೆರಡು ಪ್ರಿಂಟ್ ತೆಗೆಸಿಕೊಂಡು ಅವರ ಮನೆಗೆ ಹೋಗು. ಅವಸರ ಮಾಡಬೇಡ, ಚಹಾ ಕುಡಿದು ಕೂತು ಕೇಳು, ಹೇಳಿದ್ದನ್ನು ಅಲ್ಲೇ ಬರೆದುಕೋ. ಮುಂದಿನ ಭಾನುವಾರ ನಾನೂ ಬರುತ್ತೇನೆ. ಅಲ್ಲಿಯವರೆಗೆ ಡಬ್ಬಿಯನ್ನು ನೆಲದ ಮೇಲೆ ಇಡಬೇಡ, ಮಳೆಗಾಲ.

ನಿನ್ನ ಕಾಕಾ