ಆರ್15 ಮತ್ತೆ ರಸ್ತೆಗೆ: ಕೈಹಿಡಿದವರಿಗೆ, ಕೈತಡೆದವರಿಗೆ

2009ರ ಕೊನೆಗೆ ಕಾಸರಗೋಡಿನಲ್ಲಿ ನೋಂದಣಿಯಾಗಿ ಕೆಎಲ್ 14ರ ಫಲಕ ಪಡೆದ, ಕೆಲವು ವರ್ಷ ಓಡಿದ ಬಳಿಕ ಬದಿಯಡ್ಕ ಸಮೀಪದ ನಮ್ಮ ಮನೆಯ ಅಡಿಕೆ ಕೊಟ್ಟಗೆಯಲ್ಲಿ ದೀರ್ಘಕಾಲ ನಿಂತೇ ಇದ್ದ ನನ್ನ ಯಮಹಾ ಆರ್15 ಬೈಕಿನ ನೋಂದಣಿ ಕಳೆದ ವಾರ ಇನ್ನು 5 ವರ್ಷಗಳಿಗೆ ನವೀಕರಣಗೊಂಡಿತು. ಖಾಸಗಿ ವಾಹನದ ಮೊದಲ ನೋಂದಣಿ 15 ವರ್ಷಗಳಿಗೆ ಮಾತ್ರ ಊರ್ಜಿತವಾಗಿರುತ್ತದೆ. ಆಮೇಲೂ ಅದು ರಸ್ತೆಯಲ್ಲಿರಬೇಕಾದರೆ ಅಧಿಕಾರಿಗಳ ಎದುರು ನಿಲ್ಲಿಸಿ, ದೀಪ, ಬ್ರೇಕು, ಹಾರ್ನು, ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ ಎಲ್ಲವನ್ನೂ ತೋರಿಸಿ ಒಪ್ಪಿಗೆ ಪಡೆಯಬೇಕು. ಆ ಒಪ್ಪಿಗೆ ದೊರೆತಿರುವ ಈ ಹೊತ್ತಿನಲ್ಲಿ, ಬೈಕನ್ನು ಮನೆಯಲ್ಲೇ ಬಿಚ್ಚಿ ಮರಳಿ ಕಟ್ಟುವ ಕೆಲಸದಲ್ಲಿ ನೆರವಾದವರಿಗೆ ಬಹಿರಂಗವಾಗಿ ಕೃತಜ್ಞತೆ ಹೇಳುವುದು ನನ್ನ ಕರ್ತವ್ಯ. ಇವರಲ್ಲಿ ಕೆಲವರು ನೆರವಾದದ್ದು ಏನನ್ನಾದರೂ ಮಾಡಿಕೊಟ್ಟು. ಇನ್ನು ಕೆಲವರು, ನಾನು ಮಾಡಹೊರಟದ್ದನ್ನು ಬೇಡವೆಂದು ತಡೆದು. ಎರಡನೆಯವರ ಋಣವೇ ದೊಡ್ಡದೆಂದು ನನಗನ್ನಿಸುತ್ತದೆ, ಏಕೆಂದರೆ ಬೇಡವೆಂದು ಹೇಳಿದ್ದಕ್ಕೆ ಅವರಿಗೆ ಯಾರೂ ಕೂಲಿ ಕೊಡಲಿಲ್ಲ.

ಬೈಕಿನ ಬಗ್ಗೆ ಒಂದೆರಡು ಮಾತು ಹೇಳದಿದ್ದರೆ ಅವರ ಉಪಕಾರದ ಬೆಲೆ ತಿಳಿಯದು. 2008ರಲ್ಲಿ ಆರ್15 ನಮ್ಮ ಮಾರುಕಟ್ಟೆಗೆ ಬಂದಾಗ 150 ಸಿಸಿ ವರ್ಗದ ಬೈಕುಗಳೆಂದರೆ ಸಾಮಾನ್ಯವಾಗಿ ಗಾಳಿಯಿಂದಲೇ ತಂಪಾಗುವ ಎಂಜಿನ್‌ಗಳು. ಇದರ 149.8 ಸಿಸಿ ಎಂಜಿನ್‌ಗೆ ರೇಡಿಯೇಟರ್ ಇತ್ತು, ನಾಲ್ಕು ವಾಲ್ವ್‌ಗಳಿದ್ದವು, ಕಾರ್ಬ್ಯುರೇಟರಿನ ಬದಲು ಫ್ಯುಯೆಲ್ ಇಂಜೆಕ್ಷನ್ ಇತ್ತು, ಆರು ಗಿಯರ್‌ಗಳಿದ್ದವು. ಎರಡು ದಪ್ಪ ತೊಲೆಗಳಿಂದ ಎಂಜಿನನ್ನು ಬಿಗಿಯಾಗಿ ಹಿಡಿಯುವ ಡೆಲ್ಟಾಬಾಕ್ಸ್ ಚೌಕಟ್ಟು ಇತ್ತು. 17 ಪಿಎಸ್ ಶಕ್ತಿ ಇಂದಿನ ಲೆಕ್ಕದಲ್ಲಿ ಹೆಚ್ಚೇನೂ ಅಲ್ಲ. ಆದರೆ ಕುಂಬಳೆಯಿಂದ ಬದಿಯಡ್ಕಕ್ಕೆ ಬರುವ ದಾರಿಯ ಏರುತಗ್ಗುಗಳಲ್ಲಿ ಅದು ತಿರುವಿಗೆ ಬಾಗುವ ರೀತಿಯನ್ನು ಒಮ್ಮೆ ಅನುಭವಿಸಿದವರು ಶಕ್ತಿಯ ಅಂಕಿ ಕೇಳುವುದಿಲ್ಲ. ದುಡಿದ ಮೊದಲ ಉಳಿತಾಯದಲ್ಲಿ ಕೊಂಡ ಬೈಕು ಅದು. ಉದ್ಯೋಗ ನನ್ನನ್ನು ಪರವೂರಿಗೆ ಒಯ್ದಾಗ ಬೈಕು ಇಲ್ಲೇ ಉಳಿಯಿತು. ಆ ಉದ್ಯೋಗ ಇಲ್ಲವಾಗಿ ಮನೆಗೆ ಮರಳಿದ ಮಳೆಗಾಲದಲ್ಲಿ, ಮುಂದೇನೆಂದು ತೋಚದೆ ಕುಳಿತಿದ್ದಾಗ, ಬೆಳಗಾದರೆ ಎದ್ದು ಮಾಡಲೇಬೇಕಾದ ಕೆಲಸವೊಂದನ್ನು ನನಗೆ ಕೊಟ್ಟದ್ದು ಅದೇ ಬೈಕು.

ಮೊದಲ ವಂದನೆ ಕುಂಬಳೆಯ ಹಿರಿಯ ಮೆಕ್ಯಾನಿಕರಿಗೆ. ಬಹುಕಾಲ ನಿಂತ ಎಂಜಿನ್‌ನ ಸ್ಟಾರ್ಟರನ್ನು ಒಮ್ಮೆಗೇ ಒತ್ತಬಾರದೆಂದು ತಡೆದವರು ಅವರು. ಸ್ಪಾರ್ಕ್ ಪ್ಲಗ್ ಕಳಚಿ, ಆ ರಂಧ್ರದಿಂದ ಸ್ವಲ್ಪ ಎಂಜಿನ್ ಆಯಿಲ್ ಇಳಿಸಿ, ರಾತ್ರಿಯಿಡೀ ಹಾಗೆಯೇ ಬಿಟ್ಟು, ಮರುದಿನ ಬೈಕನ್ನು ಮೇಲಿನ ಗಿಯರಿನಲ್ಲಿಟ್ಟು ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿ ಪಿಸ್ಟನ್ ಸರಾಗವಾಗಿ ಚಲಿಸುತ್ತದೆಯೇ ಎಂದು ನೋಡುವ ಕ್ರಮವನ್ನು ಅವರೇ ಹೇಳಿಕೊಟ್ಟರು. ಪಿಸ್ಟನ್ ಚಲಿಸಿತು, ಆದರೆ ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗೆ ಒತ್ತಿದ ಗಾಳಿ ಸೋರದೆ ನಿಲ್ಲುವ ಒತ್ತಡ, ಸಾಕಷ್ಟು ಇರಲಿಲ್ಲ. ಇಂಥ ಸಂದರ್ಭದಲ್ಲಿ ಬ್ಲಾಕನ್ನು, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರನ್ನು, ಲೇತಿಗೆ ಕೊಟ್ಟು, ಒಳಗೋಡೆ ಕೊರೆದು ಬೋರ್ ಮಾಡಿಸಿ, ಓವರ್‌ಸೈಜ್ ಪಿಸ್ಟನ್ ಹಾಕುವುದು ನಮ್ಮಲ್ಲಿ ರೂಢಿ, ಮತ್ತು ಸಿಲಿಂಡರಿನೊಳಗೆ ಕಬ್ಬಿಣದ ಸ್ಲೀವ್ (ಒಳಕೊಳವೆ) ಇರುವ ಹಳೆಯ ಬೈಕುಗಳಿಗೆ ಅದು ಸರಿಯಾದ ದಾರಿಯೇ. ಆರ್15ರ ಸಿಲಿಂಡರಿನಲ್ಲಿ ಕಬ್ಬಿಣದ ಸ್ಲೀವ್ ಇಲ್ಲ. ಯಮಹಾ ಡಯಾಸಿಲ್ ಎಂದು ಕರೆಯುವ ಆ ಸಿಲಿಂಡರು ಸುಮಾರು 20 ಶೇಕಡಾ ಸಿಲಿಕಾನ್ ಬೆರೆತ ಅಲ್ಯೂಮಿನಿಯಂ ಎರಕ. ಪಿಸ್ಟನ್ ರಿಂಗುಗಳು ಜಾರುವುದು ಅದರ ಮೇಲ್ಮೈಯ ಗಟ್ಟಿ ಸಿಲಿಕಾನ್ ಕಣಗಳ ಮೇಲೆ. ಸಾಮಾನ್ಯ ಬೋರಿಂಗ್ ಯಂತ್ರ ಹಾಯಿಸಿದರೆ ಆ ಮೇಲ್ಮೈ ಕೆಡುತ್ತದೆ, ಆಮೇಲೆ ಇಡೀ ಬ್ಲಾಕನ್ನೇ ಬದಲಿಸಬೇಕಾಗುತ್ತದೆ. ಇದನ್ನು ವಿವರಿಸಿದ ಹಿರಿಯರು, ಸೋರಿಕೆ ಎಲ್ಲಿದೆಯೆಂದು ಗೊತ್ತಾಗುವ ಮೊದಲು ಚಿಕಿತ್ಸೆ ನಿರ್ಧರಿಸುವುದು ಬೇಡವೆಂದರು.

ಅವರು ಹೇಳಿದಂತೆ ಸಿಲಿಂಡರಿನ ಮೇಲೆ ಕೂರುವ ಹೆಡ್ ಕಳಚಿ, ತಲೆಕೆಳಗಾಗಿ ಇಟ್ಟು, ದಹನಕೋಣೆಯಲ್ಲಿ ಸೀಮೆಎಣ್ಣೆ ತುಂಬಿಸಿ ಕಾದು ನೋಡಿದಾಗ ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್‌ಗಳ ಬದಿಯಿಂದ ಎಣ್ಣೆ ಜಿನುಗಿತು. ದೋಷವಿದ್ದದ್ದು ಸಿಲಿಂಡರಿನಲ್ಲಲ್ಲ, ವಾಲ್ವ್ ಕೂತು ಮುಚ್ಚುವ ಸೀಟುಗಳಲ್ಲಿ. ಗ್ರೈಂಡಿಂಗ್ ಪೇಸ್ಟ್ ಹಚ್ಚಿ ವಾಲ್ವ್‌ಗಳನ್ನು ಎಡಕ್ಕೂ ಬಲಕ್ಕೂ ಹೊರಳಿಸುತ್ತ, ಸೀಟಿನ ಸುತ್ತ ಒಂದೇ ಅಗಲದ ಬೂದು ಪಟ್ಟಿ ಮೂಡುವವರೆಗೆ ಉಜ್ಜುವ ಕೆಲಸವನ್ನು ಅವರು ತಮ್ಮ ಕೈಯಲ್ಲಿ ತೆಗೆದುಕೊಳ್ಳದೆ, ಪಕ್ಕದಲ್ಲಿ ನಿಂತು ನನ್ನ ಕೈಯಿಂದಲೇ ಮಾಡಿಸಿದರು. ಮತ್ತೆ ತುಂಬಿಸಿದ ಸೀಮೆಎಣ್ಣೆ ಒಂದು ಹನಿಯೂ ಇಳಿಯದೆ ನಿಂತಿತು. ಹೊಸ ವಾಲ್ವ್ ಸೀಲುಗಳು ಮತ್ತು ಹೆಡ್ ಗ್ಯಾಸ್ಕೆಟ್ ಬಿಟ್ಟರೆ ಎಂಜಿನ್‌ಗೆ ಬೇರೇನೂ ಬೇಕಾಗಲಿಲ್ಲ. ಬ್ಲಾಕಿನ ದುಡ್ಡು ಉಳಿದದ್ದು ನಿಜ; ಕಾರ್ಖಾನೆಯಿಂದ ಬಂದ ಸಿಲಿಂಡರು ಅದೇ ಎಂಜಿನ್‌ನಲ್ಲಿ ಉಳಿದದ್ದು ನನಗೆ ಅದಕ್ಕಿಂತ ಹೆಚ್ಚು.

ನೆರೆಮನೆಯ ನಿವೃತ್ತ ರಸಾಯನಶಾಸ್ತ್ರ ಅಧ್ಯಾಪಕರಿಗೆ ನಾನು ಸಲ್ಲಿಸಬೇಕಾದ ವಂದನೆ ಬೇರೆಯೇ ಬಗೆಯದು. ರೇಡಿಯೇಟರಿನ ಕೆಳಭಾಗದಲ್ಲಿಯೂ ಚಕ್ರಗಳ ಅಲಾಯ್ ಮೇಲೆಯೂ ಸೂಜಿ ಚುಚ್ಚಿದಂತಹ ಗುಳಿಗಳಿದ್ದವು, ಕೆಲವೆಡೆ ಹಸಿರು ಛಾಯೆಯ ನೀಲಿ ಕಲೆಗಳೂ ಇದ್ದವು. ಕಡಲಿನಿಂದ ಇಷ್ಟು ಒಳಗಿರುವ ಮನೆಯಲ್ಲಿ ಉಪ್ಪುಗಾಳಿಯ ಪರಿಣಾಮ ಇಷ್ಟು ತೀವ್ರವಾಗಿರಲಾರದೆಂದು ಹೇಳಿದ ಅವರು, ಕೊಟ್ಟಗೆಯ ಮೂಲೆಯಲ್ಲಿದ್ದ ಮೈಲುತುತ್ತಿನ ಚೀಲವನ್ನೂ ಔಷಧಿ ಬಿಡುವ ಪಂಪನ್ನೂ ತೋರಿಸಿದರು. ಕೊಳೆರೋಗಕ್ಕೆ ಮೈಲುತುತ್ತಿನಿಂದ ಮಾಡುವ ಬೋರ್ಡೋ ದ್ರಾವಣ ಸಿಂಪಡಿಸದ ಅಡಿಕೆ ತೋಟ ನಮ್ಮ ಸೀಮೆಯಲ್ಲಿ ಅಪರೂಪ. ಮೈಲುತುತ್ತೆಂದರೆ ತಾಮ್ರದ ಸಲ್ಫೇಟ್. ಅದರ ದ್ರಾವಣ ಅಲ್ಯೂಮಿನಿಯಂಗೆ ತಗಲಿದರೆ ತಾಮ್ರ ಅಲ್ಲಿ ಕೂರುತ್ತದೆ, ತೇವ ಇರುವಷ್ಟು ಕಾಲ ಆ ತಾಮ್ರದ ಸುತ್ತಲಿನ ಅಲ್ಯೂಮಿನಿಯಂ ಕರಗುತ್ತ ಹೋಗುತ್ತದೆ. ಹೊರಗೆ ಪಾಲಿಶ್ ಮಾಡಿ ಮುಚ್ಚಿದರೆ ಪ್ರಯೋಜನವಿಲ್ಲ. ಕಲೆಯನ್ನು ಬುಡಸಹಿತ ತೆಗೆದು, ತೊಳೆದು, ಒಣಗಿಸಿ, ಆಮೇಲೆ ಬಣ್ಣದ ರಕ್ಷಣೆ ಕೊಡಬೇಕೆಂದು ಅವರು ತಿಳಿಸಿದರು. ರೇಡಿಯೇಟರಿಗೆ ಬಾವಿನೀರು ಹಾಕಬಾರದೆಂದೂ, ಡಿಸ್ಟಿಲ್ಡ್ ನೀರಿನಲ್ಲಿ ಬೆರೆಸಿದ ಕೂಲೆಂಟನ್ನೇ ಬಳಸಬೇಕೆಂದೂ, ಕೂಲೆಂಟಿನಲ್ಲಿರುವ ತುಕ್ಕುನಿರೋಧಕಗಳು ಕಾಲಕ್ರಮದಲ್ಲಿ ಸತ್ವ ಕಳೆದುಕೊಳ್ಳುವುದರಿಂದ ಬೈಕು ಓಡಲಿ ಬಿಡಲಿ ಅದನ್ನು ಬದಲಿಸುತ್ತಿರಬೇಕೆಂದೂ ಹೇಳಿದರು. ನಮ್ಮ ಕೊಟ್ಟಗೆಯ ಮೈಲುತುತ್ತು ಈಗ ತೋಟದ ಪಂಪ್‌ಶೆಡ್ಡಿಗೆ ಹೋಗಿದೆ. ಅಡಿಕೆ ಬೆಳೆಗಾರರ ಮನೆಯಲ್ಲಿ ವಾಹನ ನಿಲ್ಲಿಸುವ ಎಲ್ಲರೂ ಈ ಸಂಗತಿಯನ್ನು ಗಮನಿಸಬೇಕೆಂದು ವಿನಂತಿಸುತ್ತೇನೆ.

ಇಲಿ ಕಡಿದ ವೈರಿಂಗನ್ನು ಪೂರ್ತಿ ಕಿತ್ತೆಸೆಯದೆ, ಒಂದೊಂದು ತಂತಿಯನ್ನೂ ಬಣ್ಣ ಹಿಡಿದು ಹುಡುಕಿ, ಬೆಸುಗೆ ಹಾಕಿ, ಸ್ಲೀವ್ ಹೊದಿಸಿದ ನೀರ್ಚಾಲಿನ ಎಲೆಕ್ಟ್ರಿಷಿಯನ್ನರಿಗೆ, ಹಾಗೂ ಪೆಟ್ರೋಲ್ ಟ್ಯಾಂಕಿನ ಒಳಗಿನ ತುಕ್ಕು ಸಂಪೂರ್ಣ ಹೋಗುವವರೆಗೆ ಹೊಸ ಫ್ಯುಯೆಲ್ ಪಂಪ್ ಕೂರಿಸಲು ಬಿಡದ ಅವರ ಸಹಾಯಕರಿಗೆ ಧನ್ಯವಾದಗಳು. ಈ ಬೈಕಿನಲ್ಲಿ ಪಂಪ್ ಟ್ಯಾಂಕಿನ ಒಳಗೇ ಇರುವುದರಿಂದ ತುಕ್ಕಿನ ಪುಡಿ ನೇರವಾಗಿ ಅದಕ್ಕೆ ಸಿಕ್ಕುತ್ತಿತ್ತು.

ಮೈಕವಚದ ಕೆಲಸವನ್ನು ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು. ಫೇರಿಂಗಿನ ಎಡಭಾಗ ಸೀಳಿತ್ತು, ಬೋಲ್ಟು ಕೂರುವ ಕಿವಿಗಳು ಮುರಿದಿದ್ದವು. ಪಾಲಿಟೆಕ್ನಿಕ್ಕಿನಲ್ಲಿ ಓದುತ್ತಿರುವ ನಮ್ಮ ಊರಿನ ಹುಡುಗನೊಬ್ಬ, ಹಿಂಭಾಗದಲ್ಲಿ ಅಚ್ಚಾಗಿದ್ದ ಎಬಿಎಸ್ (ಒಂದು ಬಗೆಯ ಪ್ಲಾಸ್ಟಿಕ್ಕಿನ ಹೆಸರು) ಎಂಬ ಅಕ್ಷರಗಳನ್ನು ನೋಡಿ, ಅದೇ ಪ್ಲಾಸ್ಟಿಕ್ಕಿನ ಚೂರುಗಳನ್ನು ಅಸಿಟೋನಿನಲ್ಲಿ ಕರಗಿಸಿ ಗಂಜಿಯಷ್ಟು ಮಂದವಾಗಿಸಿ ಹಚ್ಚುವ ಉಪಾಯ ಹೇಳಿದ. ಸಾಮಾನ್ಯ ಅಂಟು ಹಚ್ಚಿದರೆ ಅದು ಎರಡು ತುಂಡುಗಳ ನಡುವೆ ಪ್ರತ್ಯೇಕವಾಗಿ ಉಳಿಯುತ್ತದೆ. ಅಸಿಟೋನ್ ಬಿರುಕಿನ ಅಂಚುಗಳನ್ನೂ ಮೆದುಗೊಳಿಸುವುದರಿಂದ, ಅದು ಆವಿಯಾದ ಮೇಲೆ ಅಲ್ಲಿ ಉಳಿಯುವುದು ಒಂದೇ ಪ್ಲಾಸ್ಟಿಕ್ಕು. ಹಿಂಭಾಗದಲ್ಲಿ ಸಣ್ಣ ಲೋಹದ ಜಾಲರಿಯನ್ನು ಹುದುಗಿಸಿ ಮುರಿದ ಕಿವಿಗಳನ್ನು ಅವನೇ ಮರಳಿ ಕಟ್ಟಿದ. ಅವನ ಶ್ರದ್ಧೆಯನ್ನು ನೋಡುತ್ತ ನನಗೆ ನನ್ನ ಕೆಲಸದ ಮೇಲೂ ಆಸೆ ಹುಟ್ಟಿತೆಂದು ಹೇಳಿದರೆ ಅದು ಉತ್ಪ್ರೇಕ್ಷೆಯಲ್ಲ.

ಬಣ್ಣ ಹಾಕಿದವರು ಸೀತಾಂಗೋಳಿಯ ಮಲಯಾಳಿ ಗೆಳೆಯರು. ಮಳೆ ಸುರಿಯುವ ಆಟಿ ತಿಂಗಳಲ್ಲಿ ನಾನು ಫೇರಿಂಗ್ ಹೊತ್ತುಕೊಂಡು ಹೋದಾಗ ಅವರು ಅದನ್ನು ಮುಟ್ಟಲೂ ಒಪ್ಪಲಿಲ್ಲ. ಗಾಳಿಯಲ್ಲಿ ತೇವ ತುಂಬಿರುವಾಗ ಥಿನ್ನರ್ ಬೇಗನೆ ಆವಿಯಾಗಿ ಮೇಲ್ಮೈಯನ್ನು ತಂಪಾಗಿಸುತ್ತದೆ, ಅಲ್ಲಿ ನೀರು ಕೂತು ಬಣ್ಣ ಬಿಳಿಚಿಕೊಳ್ಳುತ್ತದೆ. ಮಳೆ ಹೋಗಿ ಬಿಸಿಲು ಬಲಿಯುವವರೆಗೆ ಕಾಯಲೇಬೇಕೆಂದರು. ಎದುರು ಬಂದ ಕೆಲಸವನ್ನು ಮುಂದಕ್ಕೆ ಹಾಕಿದ ಆ ಪ್ರಾಮಾಣಿಕತೆಗೆ ನಾನು ಚಿರಋಣಿ. ಬಿಸಿಲು ಬಂದ ಮೇಲೆ ಪ್ಲಾಸ್ಟಿಕ್ ಪ್ರೈಮರ್ ಕೊಟ್ಟು, ದಾಖಲೆಯಲ್ಲಿರುವ ಅದೇ ಕೆಂಪನ್ನು ತೆಳುಪದರಗಳಲ್ಲಿ ಹಾಕಿದರು. ಅದರ ಮೇಲೆ ಮುಂಭಾಗದಿಂದ ಬಾಲದವರೆಗೆ ಹರಿಯುವ ಬಿಳಿಗೆರೆಯನ್ನು ಎಳೆದವರು, ಫ್ಲೆಕ್ಸ್ ಬರುವ ಮೊದಲು ನಮ್ಮ ಪೇಟೆಯ ಅಂಗಡಿಗಳಿಗೆ ಕನ್ನಡ ಮತ್ತು ಮಲಯಾಳದಲ್ಲಿ ಫಲಕ ಬರೆಯುತ್ತಿದ್ದ ಹಿರಿಯ ಕಲಾವಿದರು. ಸ್ಟಿಕ್ಕರ್ ಅಂಟಿಸುವುದು ಬೇಡ, ಕುಂಚದಲ್ಲೇ ಎಳೆಯುತ್ತೇನೆಂದು ಅವರಾಗಿಯೇ ಹೇಳಿದರು. ಉಸಿರು ಬಿಗಿಹಿಡಿದು, ತೋಳನ್ನು ಒಂದೇ ಓಟದಲ್ಲಿ ಚಲಿಸಿ, ಎಲ್ಲೂ ತಡೆಯದೆ ಎಳೆದ ಆ ಗೆರೆಯಲ್ಲಿ ದಪ್ಪ ಎಲ್ಲಿಯೂ ಬದಲಾಗಿಲ್ಲ. ನನ್ನ ಬೈಕನ್ನು ಉಳಿದ ಎಲ್ಲ ಆರ್15ಗಳಿಂದ ಬೇರೆಯಾಗಿಸುವುದು ಆ ಗೆರೆ. ಅದಕ್ಕಿಂತ ಮಿಗಿಲಾದ ಅಲಂಕಾರ ನನಗೆ ಬೇಕಿಲ್ಲ.

ಬದಲಾವಣೆಗಳ ಬಗ್ಗೆ ನನಗೆ ಬೇರೆ ಯೋಚನೆಗಳೂ ಇದ್ದವು. 2011ರ ಎರಡನೆಯ ಆವೃತ್ತಿಯ 130 ಮಿಲಿಮೀಟರ್ ಅಗಲದ ಹಿಂದಿನ ಟಯರನ್ನೂ ಹಿಂದಿನ ಚಕ್ರವನ್ನು ಹಿಡಿಯುವ ಅದರ ಸ್ವಿಂಗ್ಆರ್ಮನ್ನೂ ಕೂರಿಸಬೇಕೆಂದಿತ್ತು, ಬೇರೆ ಸೈಲೆನ್ಸರ್ ಹಾಕಬೇಕೆಂದಿತ್ತು. ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನನ್ನೂ, ಕೇರಳದಿಂದಲೇ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಕೊಟ್ಟ ತೀರ್ಪನ್ನೂ ತಾಳ್ಮೆಯಿಂದ ವಿವರಿಸಿದ ವಕೀಲ ಮಿತ್ರರಿಗೆ ವಂದನೆ. ತಯಾರಕರು ನಿಗದಿಪಡಿಸಿದ ಮೂಲ ಲಕ್ಷಣಗಳಿಗೆ ವ್ಯತಿರಿಕ್ತವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂಬುದು ಅದರ ಸಾರ. 100/80 ಅಳತೆಯ ಮೂಲ ಟಯರೇ ಈ ಎಂಜಿನ್ನಿಗೂ ಈ ಚೌಕಟ್ಟಿಗೂ ಹೊಂದುತ್ತದೆಂದು ಮೆಕ್ಯಾನಿಕರೂ ಒತ್ತಿ ಹೇಳಿದರು. ಬೈಕು ಈಗ ತಿರುವಿನಲ್ಲಿ ಹಗುರವಾಗಿ ಹೊರಳುವುದನ್ನು ಕಾಣುವಾಗ ಅವರ ಮಾತು ಎಷ್ಟು ಸರಿಯೆಂದು ತಿಳಿಯುತ್ತದೆ. ಉಪ್ಪಳದ ಕುಶನ್ ಕೆಲಸಗಾರರು ನನ್ನ ಬೆನ್ನಿಗೆ ಒಗ್ಗುವಂತೆ ಫೋಮ್ ಕೊರೆದು ಹೊಲಿದುಕೊಟ್ಟ ಸೀಟು, ಹೊಸ ಫೋರ್ಕ್ ಆಯಿಲು ಮತ್ತು ಸೀಲುಗಳು, ಹಿಡಿಕೆಗಳು, ಆ ಬಿಳಿಗೆರೆ: ನಾನು ಮಾಡಿಸಿದ್ದು ಇಷ್ಟೇ.

ಮಂಗಳೂರಿನ ಬಿಡಿಭಾಗದ ಅಂಗಡಿಯವರು, ಗ್ಯಾಸ್ಕೆಟ್ ಮತ್ತು ಸೀಲುಗಳ ಪೊಟ್ಟಣಗಳನ್ನು ತಲಪಾಡಿ ದಾಟಿಸಿ ಕುಂಬಳೆಯಲ್ಲಿ ಇಳಿಸಿಕೊಟ್ಟ ಬಸ್ಸಿನ ನಿರ್ವಾಹಕರು, ಮಲಯಾಳದ ಅರ್ಜಿಯನ್ನು ಸಾಲುಸಾಲಾಗಿ ಓದಿ ಅರ್ಥ ಹೇಳಿದ ಸಹಪಾಠಿ, ಇವರೆಲ್ಲರಿಗೂ ನನ್ನ ನಮಸ್ಕಾರ. ಅಡಿಕೆ ಒಣಗಿಸುವ ಕಾಲದಲ್ಲಿಯೂ ಜಗಲಿಯ ಅರ್ಧವನ್ನು ಬಿಚ್ಚಿಟ್ಟ ಭಾಗಗಳಿಗೆ ಬಿಟ್ಟುಕೊಟ್ಟು, ಒಂದು ಬೋಲ್ಟೂ ಕಳೆದುಹೋಗದಂತೆ ಹಳೆಯ ಡಬ್ಬಿಗಳನ್ನು ತೊಳೆದು ಜೋಡಿಸಿಕೊಟ್ಟ ಅಮ್ಮನಿಗೆ, ಕೆಲಸವಿಲ್ಲದ ಆ ತಿಂಗಳುಗಳಲ್ಲಿ ಒಮ್ಮೆಯೂ ಏಕೆ, ಎಷ್ಟು ಖರ್ಚು ಎಂದು ಕೇಳದ ಅಪ್ಪನಿಗೆ ನಾನು ಹೇಳಬೇಕಾದದ್ದನ್ನು ಮನೆಯಲ್ಲೇ ಹೇಳಿದ್ದೇನೆ. ಇಲ್ಲಿ ದಾಖಲಿಸುವುದೂ ಅಗತ್ಯವೆನಿಸಿತು.

ವಾಲ್ವ್ ಸ್ಪ್ರಿಂಗ್ ಒತ್ತುವ ಉಪಕರಣ, ಟಾರ್ಕ್ ರೆಂಚ್, ಕಂಪ್ರೆಶನ್ ಮಾಪಕ ಈಗ ನನ್ನಲ್ಲಿವೆ. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯಲ್ಲಿ ಹಳೆಯ ಬೈಕನ್ನು ಮನೆಯಲ್ಲಿ ಸರಿಪಡಿಸುತ್ತಿರುವವರು ಬಂದು ಒಯ್ಯಬಹುದು. ಆರ್15 ಆದರೆ ಬ್ಲಾಕನ್ನು ಲೇತಿಗೆ ಕೊಡುವ ಮೊದಲು ದಯವಿಟ್ಟು ಬನ್ನಿ; ಸೀಮೆಎಣ್ಣೆಯೂ ಇಲ್ಲೇ ಇದೆ, ಇಬ್ಬರೂ ಕೂಡಿ ನೋಡೋಣ.